ಇಪ್ಪತ್ತೊಂಬತ್ತು ಸ್ಥಾನಗಳ ಒಂದು ಮಹಾಸಂಖ್ಯೆ: ಕನ್ನಡ ನಾಡಿನ ಜೈನಗಣಿತದ ಒಂದು ಅಧ್ಯಾಯ

ಜಿನಾಗಮವನ್ನು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ ಮತ್ತು ದ್ರವ್ಯಾನುಯೋಗ ಎಂದು ನಾಲ್ಕಾಗಿ ವಿಭಾಗಿಸುವುದು ಸುಪ್ರಸಿದ್ಧವಾದ ಪದ್ಧತಿ. ಪುರಾಣಪುರುಷರ ಚರಿತೆಯನ್ನು ಶ್ರಾವಕರು ಆಸಕ್ತಿಯಿಂದ ಕೇಳುತ್ತಾರೆ; ಆಚಾರಧರ್ಮವನ್ನು ನಿತ್ಯಜೀವನದಲ್ಲಿ ಪಾಲಿಸುತ್ತಾರೆ; ತತ್ತ್ವವಿಚಾರವನ್ನು ಮುನಿಗಳ ಪ್ರವಚನದಲ್ಲಿ ಆಲಿಸುತ್ತಾರೆ. ಆದರೆ ಲೋಕದ ಅಳತೆ, ಕಾಲದ ಎಣಿಕೆ, ಜೀವರಾಶಿಗಳ ಪ್ರಮಾಣ ಇವುಗಳನ್ನು ನಿರೂಪಿಸುವ ಕರಣಾನುಯೋಗದ ಕಡೆಗೆ ಗಮನ ಹರಿಸುವವರು ವಿರಳ. ಅಧಿಷ್ಠಾನದ ಕಲ್ಲಿನಿಂದ ಶಿಖರದ ಕಲಶದವರೆಗೆ ಬಸದಿಯ ಪ್ರತಿಯೊಂದು ಅಂಗವೂ ಅಳತೆಗೆ ಒಳಪಟ್ಟೇ ರೂಪುಗೊಳ್ಳುವಂತೆ, ಜೈನ ಸಿದ್ಧಾಂತದ ಭವ್ಯ ಮಂದಿರವೂ ಗಣಿತದ ತಳಹದಿಯ ಮೇಲೆ ನಿಂತಿದೆ. ಆ ತಳಹದಿಯ ಒಂದೇ ಒಂದು ಕಲ್ಲನ್ನು, ಎಂದರೆ ಒಂದು ಮಹಾಸಂಖ್ಯೆಯನ್ನು, ಪರಿಚಯಿಸುವುದು ಈ ಲೇಖನದ ಉದ್ದೇಶ.

ಆ ಸಂಖ್ಯೆ ಇದು: 79228162514264337593543950336.

ಇದರಲ್ಲಿ ಇಪ್ಪತ್ತೊಂಬತ್ತು ಅಂಕಸ್ಥಾನಗಳಿವೆ. ಶ್ರವಣಬೆಳಗೊಳದೊಂದಿಗೆ ಹೆಸರು ಬೆಸೆದುಕೊಂಡಿರುವ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವೆಂದು ಹೇಳಿರುವ ಸಂಖ್ಯೆಯೇ ಇದು.

ಈ ಸೀಮೆಯ ಹಿನ್ನೆಲೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಪ್ರದೇಶವು ಪ್ರಾಚೀನ ಕಾಲದಲ್ಲಿ ಗಂಗವಾಡಿಗೆ ಸೇರಿತ್ತು. ಚನ್ನಪಟ್ಟಣದ ಬಳಿಯ ಮಂಕುಂದವು 7ನೆಯ ಶತಮಾನದಲ್ಲಿ ಗಂಗ ಅರಸರ ನಿವಾಸಸ್ಥಾನವಾಗಿತ್ತೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಶಾಸನಗಳಲ್ಲಿ ಈ ನಾಡಿಗೆ ‘ಗಂಗವಾಡಿ ತೊಂಬತ್ತಾರು ಸಾಸಿರ’ ಎಂಬ ಹೆಸರಿದೆ. ನೇಮಿಚಂದ್ರಾಚಾರ್ಯರಿಂದ ಗೊಮ್ಮಟಸಾರವನ್ನು ರಚಿಸಿಕೊಂಡ ಚಾವುಂಡರಾಯನು ಗಂಗ ಅರಸರಾದ ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿಯೂ ದಂಡನಾಯಕನೂ ಆಗಿದ್ದನು. 978ರಲ್ಲಿ ಕನ್ನಡ ಗದ್ಯದಲ್ಲಿ ತ್ರಿಷಷ್ಟಿಪುರುಷರ ಪುರಾಣವನ್ನು ಬರೆದವನೂ, 981ರ ಸುಮಾರಿಗೆ ವಿಂಧ್ಯಗಿರಿಯಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದವನೂ ಆತನೇ. ಗೊಮ್ಮಟನ ಬಿಂಬವೂ ಗೊಮ್ಮಟಸಾರವೂ ಒಂದೇ ತಲೆಮಾರಿನ, ಒಂದೇ ಆಶ್ರಯದ ಕೃತಿಗಳು. ಒಂದು ಕಲ್ಲಿನಲ್ಲಿ ಮೂಡಿತು, ಮತ್ತೊಂದು ಗಾಥೆಗಳಲ್ಲಿ ಮೂಡಿತು.

ಮಾಗಡಿ ಸೀಮೆಯ ಕಲ್ಯ ಗ್ರಾಮವೂ ಜೈನ ಇತಿಹಾಸದಲ್ಲಿ ಸ್ಮರಣೀಯ. ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಪರಿಹರಿಸಿ, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದ 1368ರ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿಯೂ ಮತ್ತೊಂದು ಕಲ್ಯದಲ್ಲಿಯೂ ಇದೆ. ಅರಸನಲ್ಲಿ ಬಿನ್ನೈಸಿಕೊಂಡ ಜೈನರಲ್ಲಿ ಕಲ್ಲೆಹದವರೂ ಇದ್ದರು. ಆ ಕಲ್ಲೆಹವೇ ಇಂದಿನ ಕಲ್ಯ. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬ ಕಟ್ಟಳೆ ಆ ಶಾಸನದಲ್ಲಿದೆ. ಧರ್ಮರಕ್ಷಣೆಯು ಲೆಕ್ಕಾಚಾರದೊಂದಿಗೇ ಸಾಗುತ್ತದೆ ಎಂಬುದಕ್ಕೆ ಈ ಕಟ್ಟಳೆಯೂ ಒಂದು ನಿದರ್ಶನ.

ಎರಡರ ವರ್ಗಧಾರೆ

ಮೇಲೆ ಹೇಳಿದ ಮಹಾಸಂಖ್ಯೆಯ ಮೂಲ ಅತ್ಯಂತ ಸರಳವಾದುದು. ಅದರ ಬೀಜ ಎರಡು ಎಂಬ ಅಂಕಿ ಮಾತ್ರ. ಎರಡನ್ನು ಎರಡರಿಂದ ಗುಣಿಸಿದರೆ 4. ಇದು ಪ್ರಥಮ ವರ್ಗ. ನಾಲ್ಕನ್ನು ತನ್ನಿಂದಲೇ ಗುಣಿಸಿದರೆ 16. ಇದು ದ್ವಿತೀಯ ವರ್ಗ. ಹೀಗೆಯೇ ತೃತೀಯ ವರ್ಗ 256, ಚತುರ್ಥ ವರ್ಗ 65536, ಪಂಚಮ ವರ್ಗ 4294967296, ಷಷ್ಠ ವರ್ಗ 18446744073709551616. ಈ ಸಾಲಿಗೆ ಶಾಸ್ತ್ರಕಾರರು ‘ದ್ವಿರೂಪವರ್ಗಧಾರೆ’ ಎಂದು ಹೆಸರಿಟ್ಟಿದ್ದಾರೆ.

ಇವುಗಳಲ್ಲಿ ಕೊನೆಯ ಮೂರಕ್ಕೆ ಪ್ರಾಕೃತದಲ್ಲಿ ಸ್ವಾರಸ್ಯವಾದ ಸಂಕೇತನಾಮಗಳಿವೆ. 65ರಿಂದ ಆರಂಭವಾಗುವ ಚತುರ್ಥ ವರ್ಗವು ‘ಪಣ್ಣಟ್ಠಿ’, ಎಂದರೆ ಅರವತ್ತೈದು. 42ರಿಂದ ಆರಂಭವಾಗುವ ಪಂಚಮ ವರ್ಗವು ‘ಬಾದಾಲ’, ಎಂದರೆ ನಲವತ್ತೆರಡು. ಒಂದು ಮತ್ತು ಎಂಟು ಎಂಬ ಅಂಕಗಳಿಂದ ಆರಂಭವಾಗುವ ಷಷ್ಠ ವರ್ಗವು ‘ಏಕಟ್ಠಿ’. ಉದ್ದವಾದ ಅಂಕಮಾಲೆಯನ್ನು ಪ್ರತಿ ಸಲ ಉಚ್ಚರಿಸುವ ಶ್ರಮವನ್ನು ತಪ್ಪಿಸಲು, ಅದರ ತಲೆಯ ಎರಡು ಅಂಕಗಳನ್ನೇ ಹೆಸರಾಗಿಸಿದ ಜಾಣ್ಮೆ ಇಲ್ಲಿ ಕಾಣುತ್ತದೆ.

ಪಂಚಮ ವರ್ಗವನ್ನೂ ಷಷ್ಠ ವರ್ಗವನ್ನೂ ಗುಣಿಸಿದಾಗ ಇಪ್ಪತ್ತೊಂಬತ್ತು ಸ್ಥಾನಗಳ ಆ ಸಂಖ್ಯೆ ದೊರೆಯುತ್ತದೆ. ಷಷ್ಠ ವರ್ಗವು ಬಾದಾಲದ ವರ್ಗವೇ ಆದುದರಿಂದ, ಈ ಸಂಖ್ಯೆಯನ್ನು ಬಾದಾಲದ ಘನ ಎಂದೂ ಹೇಳಬಹುದು. ಎರಡನ್ನು ತೊಂಬತ್ತಾರು ಸಲ ಬರೆದು ಗುಣಿಸುವ ಬದಲು ಆರು ಸಲ ವರ್ಗ ಮಾಡಿ, ಒಂದು ಸಲ ಗುಣಿಸಿದರೆ ಕಾರ್ಯ ಮುಗಿಯುತ್ತದೆ. ಲೆಕ್ಕದ ಹಾದಿ ಚಿಕ್ಕದು, ತಲುಪುವ ಎತ್ತರ ಮಾತ್ರ ಅಪಾರ.

ಆ ಎತ್ತರವನ್ನು ರಾಗಿಯ ಕಾಳಿನಿಂದ ಊಹಿಸಬಹುದು. ಸಾವಿರ ರಾಗಿಯ ಕಾಳುಗಳು ಸುಮಾರು ಎರಡೂವರೆ ಗ್ರಾಂ ತೂಗುತ್ತವೆ ಎಂದಿಟ್ಟುಕೊಳ್ಳೋಣ. ಒಂದು ಕಾಳಿನಿಂದ ಆರಂಭಿಸಿ ದಿನಕ್ಕೊಮ್ಮೆ ಇಮ್ಮಡಿ ಮಾಡುತ್ತ ಹೋದರೆ, ಮೂವತ್ತನೆಯ ಇಮ್ಮಡಿಯ ವೇಳೆಗೆ 107 ಕೋಟಿಗೂ ಮಿಕ್ಕ ಕಾಳುಗಳಾಗುತ್ತವೆ. ಅವುಗಳ ತೂಕ ಸುಮಾರು 27 ಕ್ವಿಂಟಾಲ್. ಇದು ಒಬ್ಬ ರೈತನ ಕಣಜಕ್ಕೆ ಹಿಡಿಸಬಹುದಾದ ರಾಶಿ. ಅರವತ್ತನಾಲ್ಕನೆಯ ಇಮ್ಮಡಿಯಲ್ಲಿ ಅದು ಸುಮಾರು 4600 ಕೋಟಿ ಟನ್ನುಗಳಾಗುತ್ತದೆ. ತೊಂಬತ್ತಾರನೆಯ ಇಮ್ಮಡಿಯಲ್ಲಿ ರಾಗಿಯ ರಾಶಿಯು ಚಂದ್ರನ ತೂಕದ ಎರಡೂವರೆ ಪಟ್ಟನ್ನೂ ಮೀರುತ್ತದೆ. ಮೂರು ತಿಂಗಳು ಆರು ದಿನಗಳಲ್ಲಿ ಕಣಜವು ಆಕಾಶಕಾಯವನ್ನು ಮೀರಿಸುವ ಈ ಏರಿಕೆಯನ್ನು ಜೈನಾಚಾರ್ಯರು ತಾಳೆಯ ಗರಿಯ ಮೇಲೆ ನಿಶ್ಚಿತವಾಗಿ ಗಣಿಸಿದ್ದರು.

ಅರ್ಧಚ್ಛೇದವೆಂಬ ಸಾಧನ

ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುತ್ತದೆಯೋ ಆ ಎಣಿಕೆಗೆ ‘ಅರ್ಧಚ್ಛೇದ’ ಎಂದು ಹೆಸರು. ಹದಿನಾರನ್ನು ಅರ್ಧಿಸುತ್ತ ಹೋದರೆ 8, 4, 2, 1 ಬರುತ್ತವೆ. ಆದ್ದರಿಂದ ಹದಿನಾರರ ಅರ್ಧಚ್ಛೇದ ನಾಲ್ಕು. ಇದೇ ರೀತಿ ಮೂರರಿಂದ ಭಾಗಿಸುವ ಎಣಿಕೆಗೆ ‘ತ್ರಿಕಚ್ಛೇದ’, ನಾಲ್ಕರಿಂದ ಭಾಗಿಸುವ ಎಣಿಕೆಗೆ ‘ಚತುರ್ಥಚ್ಛೇದ’ ಎಂಬ ಹೆಸರುಗಳು ಧವಲಾ ಟೀಕೆಯಲ್ಲಿವೆ. ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳನ್ನು ಕೂಡಬೇಕು, ಭಾಗಿಸಿದಾಗ ಕಳೆಯಬೇಕು, ವರ್ಗ ಮಾಡಿದಾಗ ಇಮ್ಮಡಿಸಬೇಕು. ಪಂಚಮ ವರ್ಗದ ಅರ್ಧಚ್ಛೇದ 32, ಷಷ್ಠ ವರ್ಗದ್ದು 64. ಇವೆರಡನ್ನು ಕೂಡಿದರೆ 96. ಆದ್ದರಿಂದ ಈ ಮಹಾಸಂಖ್ಯೆಯನ್ನು ತೊಂಬತ್ತಾರು ಸಲ ಅರ್ಧಿಸಿದರೆ ಶೇಷವಿಲ್ಲದೆ ಒಂದು ಉಳಿಯುತ್ತದೆ.

ಶ್ವೇತಾಂಬರ ಪರಂಪರೆಯ ಅನುಯೋಗದ್ವಾರಸೂತ್ರವೂ ಗರ್ಭಜ ಮನುಷ್ಯರ ಕನಿಷ್ಠ ಸಂಖ್ಯೆಯನ್ನು ಪಂಚಮ ಮತ್ತು ಷಷ್ಠ ವರ್ಗಗಳ ಗುಣಲಬ್ಧವೆಂದೂ, ತೊಂಬತ್ತಾರು ಸಲ ಅರ್ಧಿಸಬಹುದಾದ ರಾಶಿಯೆಂದೂ ವರ್ಣಿಸುತ್ತದೆ. ಎರಡು ಪರಂಪರೆಗಳೂ ಒಂದೇ ಸಂಖ್ಯೆಯನ್ನು ಕಾಪಾಡಿಕೊಂಡು ಬಂದಿರುವುದು ಅದರ ಪ್ರಾಚೀನತೆಯನ್ನು ಸೂಚಿಸುತ್ತದೆ. ಗಂಗವಾಡಿಯ ತೊಂಬತ್ತಾರು ಸಾಸಿರಕ್ಕೂ ಈ ತೊಂಬತ್ತಾರು ಛೇದಗಳಿಗೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಅದು ಕೇವಲ ಆಕಸ್ಮಿಕ. ಆದರೆ ನೆನಪಿಟ್ಟುಕೊಳ್ಳಲು ಈ ಸೀಮೆಯವರಿಗೆ ಅದೊಂದು ಅನುಕೂಲ.

ಯೂರೋಪಿನಲ್ಲಿ ನೇಪಿಯರನು ಲಾಗರಿದಮ್ಮಿನ ಕೋಷ್ಟಕವನ್ನು ಪ್ರಕಟಿಸಿದ್ದು 1614ರಲ್ಲಿ. ಎರಡನ್ನು ಆಧಾರವಾಗಿ ಇಟ್ಟುಕೊಂಡ ಲಾಗರಿದಮ್ಮಿನ ಭಾವನೆಯೇ ಅರ್ಧಚ್ಛೇದ. ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವ ಕೋಷ್ಟಕವನ್ನು ಜೈನಾಚಾರ್ಯರು ರಚಿಸಲಿಲ್ಲ, ನಿಜ. ಆದರೆ ಗುಣಾಕಾರವನ್ನು ಸಂಕಲನವಾಗಿ ಮಾರ್ಪಡಿಸುವ ತತ್ತ್ವವು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು. ಇಂದಿನ ಗಣಕಯಂತ್ರಗಳೂ ಸಂಖ್ಯೆಗಳನ್ನು ಎರಡರ ಆಧಾರದಲ್ಲಿಯೇ ಬರೆದುಕೊಳ್ಳುತ್ತವೆ. ಆ ಬರಹದಲ್ಲಿ ಈ ಮಹಾಸಂಖ್ಯೆಯು ಒಂದರ ಮುಂದೆ ತೊಂಬತ್ತಾರು ಸೊನ್ನೆಗಳಾಗಿ ಕಾಣಿಸುತ್ತದೆ.

ಸಂಖ್ಯೆಯ ಗುಣವಿಶೇಷಗಳು

96 ಎಂಬುದು 2, 3, 4, 6, 8, 12, 16, 24, 32, 48 ಇವುಗಳಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದಕಾರಣ ಈ ಸಂಖ್ಯೆಯು ಏಕಕಾಲದಲ್ಲಿ ಪೂರ್ಣವರ್ಗವೂ ಪೂರ್ಣಘನವೂ ಆಗಿದೆ. ನಾಲ್ಕನೆಯ, ಆರನೆಯ, ಎಂಟನೆಯ ಘಾತವೂ ಆಗಿದೆ. ಇದರ ವರ್ಗಮೂಲ 281474976710656, ಘನಮೂಲವು ಬಾದಾಲ. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಸರಿಯಾಗಿ 97. ಅವುಗಳಲ್ಲಿ ಸಂಖ್ಯೆಯನ್ನೇ ಬಿಟ್ಟು ಉಳಿದ 96 ಭಾಜಕಗಳನ್ನು ಕೂಡಿದರೆ ಮೂಲಸಂಖ್ಯೆಗಿಂತ ಒಂದು ಮಾತ್ರ ಕಡಮೆಯಾದ ಮೊತ್ತ ಬರುತ್ತದೆ. ಒಂದನ್ನು ಬಿಟ್ಟು ಇದಕ್ಕೆ ಬೆಸಸಂಖ್ಯೆಯ ಭಾಜಕವೇ ಇಲ್ಲ. ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಾನುಷಿಯರೆಂದು ಗೊಮ್ಮಟಸಾರವು ಹೇಳುವಾಗಲೂ ಭಿನ್ನರಾಶಿ ಉಳಿಯುವುದಿಲ್ಲ. 59421121885698253195157962752 ಎಂಬ ಪೂರ್ಣಸಂಖ್ಯೆಯೇ ಬರುತ್ತದೆ.

ಧವಲಾಕಾರರ ಆಕ್ಷೇಪ

ಈ ಸಂಖ್ಯೆಯ ಇತಿಹಾಸದಲ್ಲಿ ಅತ್ಯಂತ ಮಹತ್ತ್ವದ ಘಟ್ಟವೆಂದರೆ ಅದನ್ನು ಕುರಿತ ವಿಚಾರಣೆ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು 816ರಲ್ಲಿ ಮುಗಿಯಿತೆಂದು ವಿದ್ವಾಂಸರು ಗಣಿಸಿದ್ದಾರೆ. ಮನುಷ್ಯರ ಪ್ರಮಾಣವು ಷಷ್ಠ ವರ್ಗಕ್ಕಿಂತ ಮೇಲೆ, ಸಪ್ತಮ ವರ್ಗಕ್ಕಿಂತ ಕೆಳಗೆ ಎಂಬುದು ಸೂತ್ರದ ನಿರ್ಣಯ. ಇದಕ್ಕಿಂತ ಬಿಗಿಯಾದ ಇನ್ನೊಂದು ಎಲ್ಲೆಯೂ ಅಲ್ಲಿದೆ: ಕೋಟಿ ಕೋಟಿ ಕೋಟಿಗಿಂತ ಮೇಲೆ, ಕೋಟಿ ಕೋಟಿ ಕೋಟಿ ಕೋಟಿಗಿಂತ ಕೆಳಗೆ.

ಈಗ ಮಹಾಸಂಖ್ಯೆಯನ್ನು ಬಲದಿಂದ ಏಳೇಳು ಸ್ಥಾನಗಳಾಗಿ ವಿಭಾಗಿಸಿದರೆ 7, 9228162, 5142643, 3759354, 3950336 ಎಂದಾಗುತ್ತದೆ. ಎಡಗಡೆಯ ಏಳು ನಿಂತಿರುವುದು ಕೋಟಿಯ ನಾಲ್ಕನೆಯ ಘಾತದ ಸ್ಥಾನದಲ್ಲಿ. ಕೋಟಿಯ ನಾಲ್ಕನೆಯ ಘಾತವೂ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆಯೇ; ಸ್ಥಾನಗಳನ್ನು ಮಾತ್ರ ಎಣಿಸುವವರಿಗೆ ಎರಡೂ ಸಮಾನವೆಂದು ತೋರಬಹುದು. ಆದರೆ ಮಹಾಸಂಖ್ಯೆಯು ಆ ಮೇಲಿನ ಎಲ್ಲೆಯನ್ನು ಸುಮಾರು ಎಂಟು ಪಟ್ಟು ಮೀರಿ ನಿಂತಿದೆ. ಷಷ್ಠ, ಸಪ್ತಮ ವರ್ಗಗಳ ಎಲ್ಲೆಗೆ ಅದು ಒಳಪಟ್ಟರೂ ಕೋಟಿಗಳ ಎಲ್ಲೆಗೆ ಒಳಪಡುವುದಿಲ್ಲ.

ವೀರಸೇನರು ಈ ತೊಡಕನ್ನು ಕಂಡರು. ಪೂರ್ವಾಚಾರ್ಯರಿಂದ ಬಂದ ಸಂಖ್ಯೆಯೆಂದು ಮೌನವಾಗಿ ಒಪ್ಪಿಕೊಳ್ಳಲಿಲ್ಲ. ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಲೆಕ್ಕಹಾಕಿ, ಅಷ್ಟು ಮಂದಿಗೆ ಅಲ್ಲಿ ಅವಕಾಶವಿರಲಾರದೆಂದು ಆಕ್ಷೇಪವೆತ್ತಿದರು. ಮನುಷ್ಯಲೋಕವಾದ ಎರಡೂವರೆ ದ್ವೀಪಗಳ ವ್ಯಾಸ 45 ಲಕ್ಷ ಯೋಜನ. ಹತ್ತರ ವರ್ಗಮೂಲವನ್ನು ಪರಿಧಿಯ ಗುಣಕವಾಗಿ ಹಿಡಿದರೆ ಪರಿಧಿ 14230249 ಯೋಜನ. ವ್ಯಾಸದ ಕಾಲು ಭಾಗದಿಂದ ಪರಿಧಿಯನ್ನು ಗುಣಿಸಿದರೆ ಕ್ಷೇತ್ರಫಲ 16009030125000 ಚದರ ಯೋಜನ. ಮಹಾಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಚದರ ಯೋಜನವೊಂದಕ್ಕೆ ಸುಮಾರು 49 ಕೋಟಿ ಕೋಟಿ ಮಂದಿ ಬರುತ್ತಾರೆ. ಸಮುದ್ರಗಳನ್ನೂ ಪರ್ವತಗಳನ್ನೂ ಕಳೆದರೆ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಪ್ರಮಾಣಯೋಜನವು ಉತ್ಸೇಧಯೋಜನದ ಐನೂರು ಪಟ್ಟು ಆದುದರಿಂದ, ಯಾವ ಯೋಜನವನ್ನು ಹಿಡಿಯಬೇಕೆಂಬುದರ ಮೇಲೆ ಕ್ಷೇತ್ರಫಲವು ಎರಡೂವರೆ ಲಕ್ಷ ಪಟ್ಟು ವ್ಯತ್ಯಾಸವಾಗುತ್ತದೆ. ಅಳತೆಗೋಲಿನ ನಿರ್ಣಯವಿಲ್ಲದೆ ಇಂಥ ವಾದ ಮುಂದುವರಿಯಲಾರದು ಎಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ.

ಇಲ್ಲಿ ಗಮನಿಸಬೇಕಾದುದು ಯಾರು ಗೆದ್ದರೆಂಬುದನ್ನಲ್ಲ. ಸೂತ್ರದಲ್ಲಿ ಅಚಲ ಶ್ರದ್ಧೆಯಿದ್ದ ಆಚಾರ್ಯರೇ ಪರಂಪರಾಗತವಾದ ಒಂದು ಸಂಖ್ಯೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದರು. ತಾವು ಒಪ್ಪದ ಮತವನ್ನು ಅಳಿಸಿಹಾಕದೆ, ಅದನ್ನು ದಾಖಲಿಸಿಯೇ ಆಕ್ಷೇಪವನ್ನು ಬರೆದರು. ಶ್ರದ್ಧೆಗೂ ಪರೀಕ್ಷೆಗೂ ವಿರೋಧವಿಲ್ಲವೆಂಬುದನ್ನು ಅವರ ನಡೆ ತೋರಿಸುತ್ತದೆ. ಸುಮಾರು ಒಂದೂವರೆ ಶತಮಾನದ ಅನಂತರ ನೇಮಿಚಂದ್ರರು ಅದೇ ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆಯನ್ನು ಗಾಥೆಯಲ್ಲಿ ಸ್ಥಾಪಿಸಿದರು. ಹೀಗೆ ಎರಡು ಮತಗಳೂ ಉಳಿದು ಬಂದವು; ಓದುಗನಿಗೆ ವಿಚಾರದ ಬಾಗಿಲು ತೆರೆದೇ ಉಳಿಯಿತು.

ಅಕ್ಷರಗಳಲ್ಲಿ ಅಡಗಿದ ಅಂಕಗಳು

ಇಪ್ಪತ್ತೊಂಬತ್ತು ಅಂಕಗಳನ್ನು ಒಂದೂ ತಪ್ಪದಂತೆ ತಲೆಮಾರಿನಿಂದ ತಲೆಮಾರಿಗೆ ಸಾಗಿಸುವುದು ಹೇಗೆ? ಗರಿ ಮುರಿಯಬಹುದು, ಹುಳು ತಿನ್ನಬಹುದು, ಲಿಪಿಕಾರನ ಕಣ್ಣು ತಪ್ಪಬಹುದು. ಇದಕ್ಕೆ ನೇಮಿಚಂದ್ರರು ಕಂಡುಕೊಂಡ ಉಪಾಯ ಅಕ್ಷರಸಂಖ್ಯೆ. ಕಕಾರದಿಂದ ಝಕಾರದವರೆಗೆ ಒಂದರಿಂದ ಒಂಬತ್ತು. ಟಕಾರದಿಂದ ಧಕಾರದವರೆಗೆ ಮತ್ತೆ ಒಂದರಿಂದ ಒಂಬತ್ತು. ಪಕಾರದಿಂದ ಮಕಾರದವರೆಗೆ ಒಂದರಿಂದ ಐದು. ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು. ಞಕಾರ, ನಕಾರಗಳಿಗೆ ಸೊನ್ನೆ. ಸ್ವರಗಳಿಗೆ ಬೆಲೆಯಿಲ್ಲ. ಈ ಕಟಪಯಾದಿ ಕ್ರಮದಿಂದ ಅವರು ಇಡೀ ಸಂಖ್ಯೆಯನ್ನು ಒಂದೇ ಗಾಥೆಯಲ್ಲಿ ಅಡಗಿಸಿದ್ದಾರೆ.

ಅಂಕಗಳ ನಡೆ ಎಡಕ್ಕೆ ಎಂಬ ನಿಯಮದಂತೆ ಗಾಥೆಯ ಮೊದಲಕ್ಷರವು ಬಿಡಿಸ್ಥಾನಕ್ಕೆ ಸಲ್ಲುತ್ತದೆ. ಆ ಅಕ್ಷರ ತಕಾರ; ಅದರ ಬೆಲೆ 6. ಸಂಖ್ಯೆಯ ಬಿಡಿಸ್ಥಾನದಲ್ಲಿರುವುದೂ 6. ಕೊನೆಯ ಸಂಖ್ಯಾಕ್ಷರ ಸಕಾರ; ಅದರ ಬೆಲೆ 7. ಸಂಖ್ಯೆಯ ಎಡತುದಿಯಲ್ಲಿರುವುದೂ 7. ಇಡೀ ಸಂಖ್ಯೆಯಲ್ಲಿ ಸೊನ್ನೆ ಒಂದೇ ಸಲ ಬರುತ್ತದೆ. ಸಂಖ್ಯಾಕ್ಷರಗಳಲ್ಲಿ ನಕಾರವೂ ಒಂದೇ ಸಲ. ಮೂರು ಎಂಬ ಅಂಕ ಆರು ಸಲ ಬರುತ್ತದೆ. ಮೂರನ್ನು ಸೂಚಿಸುವ ಲಕಾರ, ಗಕಾರಗಳೂ ಒಟ್ಟು ಆರು. ಛಂದಸ್ಸಿನ ಕಟ್ಟು ಅಕ್ಷರಗಳನ್ನು ಕಾಯುತ್ತದೆ. ಅಕ್ಷರಗಳು ಅಂಕಗಳನ್ನು ಕಾಯುತ್ತವೆ.

ಪಾಠ ಶುದ್ಧವಾಗಿದೆಯೇ ಎಂದು ಯಾವ ಶ್ರಾವಕನೂ ಕಾಗದ, ಪೆನ್ಸಿಲು ಹಿಡಿದು ಪರೀಕ್ಷಿಸಬಹುದು. ಇಪ್ಪತ್ತೊಂಬತ್ತು ಅಂಕಗಳ ಮೊತ್ತ 127; ಇದನ್ನು ಒಂಬತ್ತರಿಂದ ಭಾಗಿಸಿದರೆ ಶೇಷ 1. ಎರಡನ್ನು ಆರು ಸಲ ಗುಣಿಸಿದಾಗ ಬರುವ 64ಕ್ಕೂ ಒಂಬತ್ತರ ಭಾಗಾಹಾರದಲ್ಲಿ ಶೇಷ 1. 96 ಎಂಬುದು ಆರರ ಹದಿನಾರು ಪಟ್ಟು ಆದುದರಿಂದ ಮಹಾಸಂಖ್ಯೆಗೂ ಶೇಷ 1 ಬರಲೇಬೇಕು, ಬರುತ್ತದೆ. ಎರಡು ಅಂಕಗಳು ಸ್ಥಾನ ಬದಲಾಯಿಸಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು. ಅದಕ್ಕೆ ಹನ್ನೊಂದರ ಪರೀಕ್ಷೆಯಿದೆ. ಬಲದಿಂದ ಬೆಸಸ್ಥಾನದ ಅಂಕಗಳ ಮೊತ್ತ 79, ಸಮಸ್ಥಾನದವುಗಳ ಮೊತ್ತ 48, ವ್ಯತ್ಯಾಸ 31, ಹನ್ನೊಂದರಿಂದ ಭಾಗಿಸಿದರೆ ಶೇಷ 9. ಎರಡರ ಹತ್ತನೆಯ ಘಾತವಾದ 1024ಕ್ಕೆ ಹನ್ನೊಂದರಿಂದ ಶೇಷ 1. ತೊಂಬತ್ತರ ಮೇಲೆ ಉಳಿಯುವ ಆರು ಘಾತಗಳಿಂದ 64. ಅದರ ಶೇಷವೂ 9. ಸಾವಿರ ವರ್ಷಗಳ ಹಿಂದಿನ ಗಾಥೆಯು ಎರಡು ಪರೀಕ್ಷೆಗಳಲ್ಲಿಯೂ ಉತ್ತೀರ್ಣವಾಗಿದೆ.

ಕನ್ನಡದ ಋಣ, ಕನ್ನಡದ ಕೊಡುಗೆ

ಈ ಗಣಿತಪರಂಪರೆ ಕನ್ನಡ ನಾಡಿನಲ್ಲಿ ಒಂಟಿಯಾಗಿ ನಿಂತಿಲ್ಲ. ವೀರಸೇನರ ಶಿಷ್ಯ ಜಿನಸೇನರನ್ನು ಗುರುವಾಗಿ ಪಡೆದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅಲ್ಲಿ ಹೆಸರುಗಳಿವೆ. 142857143ನ್ನು 7ರಿಂದ ಗುಣಿಸಿದರೆ 1000000001, 152207ನ್ನು 73ರಿಂದ ಗುಣಿಸಿದರೆ 11111111, 27994681ನ್ನು 441ರಿಂದ ಗುಣಿಸಿದರೆ 12345654321 ಎಂಬಂಥ ಹಾರದಂತೆ ಕಾಣುವ ಗುಣಲಬ್ಧಗಳೂ ಅಲ್ಲಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳಿಂದ ಗಣಿತವನ್ನು ಕನ್ನಡಕ್ಕೆ ತಂದನು.

ಗೊಮ್ಮಟಸಾರಕ್ಕೆ ಕೇಶವವರ್ಣಿಯು 1359ರಲ್ಲಿ ‘ಜೀವತತ್ತ್ವಪ್ರದೀಪಿಕೆ’ ಎಂಬ ಕನ್ನಡ ವೃತ್ತಿಯನ್ನು ಬರೆದನು. ಕಲ್ಯದ ಶಾಸನಕ್ಕಿಂತ ಒಂಬತ್ತು ವರ್ಷಗಳಷ್ಟೇ ಹಿಂದಿನ ಮಾತಿದು. ಜೈನಸಮಾಜವು ತನ್ನ ಹಕ್ಕುಗಳ ರಕ್ಷಣೆಗಾಗಿ ಅರಸನ ಬಳಿಗೆ ಹೋಗಬೇಕಾಗಿ ಬಂದ ಕಾಲದಲ್ಲಿಯೇ, ಅದರ ವಿದ್ವಾಂಸನೊಬ್ಬನು ಮಹಾಸಂಖ್ಯೆಗಳ ಸಂದೃಷ್ಟಿಗಳನ್ನು ಕನ್ನಡದಲ್ಲಿ ವಿವರಿಸುತ್ತಿದ್ದನು. ಆ ಕನ್ನಡ ವೃತ್ತಿಯೇ ಸಂಸ್ಕೃತಕ್ಕೆ ಪರಿವರ್ತಿತವಾಗಿ, ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರ ಭಾಷಾಟೀಕೆಗೆ ಆಧಾರವಾಯಿತು. ಉತ್ತರ ಭಾರತದ ಸ್ವಾಧ್ಯಾಯಶಾಲೆಗಳಲ್ಲಿ ಗೊಮ್ಮಟಸಾರವನ್ನು ಓದುವವರು ಅರಿತೋ ಅರಿಯದೆಯೋ ಕನ್ನಡದ ಋಣದಲ್ಲಿದ್ದಾರೆ.

ಧವಲಾದ ತಾಳೆಯ ಗರಿಗಳು ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ಸುರಕ್ಷಿತವಾಗಿದ್ದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಅವು ಅಚ್ಚಿನ ಬೆಳಕು ಕಂಡವು. 1942ರಲ್ಲಿ ಹೊರಬಂದ ನಾಲ್ಕನೆಯ ಸಂಪುಟದಲ್ಲಿ ಲಖನೌ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎ. ಎನ್. ಸಿಂಗ್ ಅವರು ಧವಲಾದ ಗಣಿತವನ್ನು ಕುರಿತು ಬರೆದ ಪ್ರಬಂಧವು ಈ ಮಹಾಸಂಖ್ಯೆಯನ್ನೂ ವೀರಸೇನರ ಆಕ್ಷೇಪವನ್ನೂ ಆಧುನಿಕ ಗಣಿತಜ್ಞರ ಗಮನಕ್ಕೆ ತಂದಿತು. ಗಣಿತಸಾರಸಂಗ್ರಹವು 1912ರಲ್ಲಿ ಮದರಾಸಿನ ಪ್ರೊ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟವಾಗಿತ್ತು. 2000ದಲ್ಲಿ ಹೊಂಬುಜ ಮಠದಿಂದ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿತು.

ಬಸದಿಯ ಪ್ರತಿಷ್ಠೆಯೊಂದಿಗೆ ಶ್ರುತಪೂಜೆಯೂ ನಡೆಯುವುದು ಸಂಪ್ರದಾಯ. ಶ್ರುತದ ಪೂಜೆ ಪೂರ್ಣವಾಗುವುದು ಅದರ ಅಧ್ಯಯನದಿಂದ. ಶಾಲಾಕಾಲೇಜುಗಳಲ್ಲಿ ಗಣಿತವನ್ನು ಓದುತ್ತಿರುವ ಸಮಾಜದ ಯುವಕ ಯುವತಿಯರು ಬಾದಾಲವನ್ನು ಒಮ್ಮೆ ತಾವೇ ಘನ ಮಾಡಿ, ಇಪ್ಪತ್ತೊಂಬತ್ತು ಅಂಕಗಳನ್ನು ಪಡೆದು, ಗಾಥೆಯ ಅಕ್ಷರಗಳೊಡನೆ ಹೋಲಿಸಿ ನೋಡಬೇಕು. ಮನೆಗಳಲ್ಲಿ, ಬಸದಿಗಳ ಕಪಾಟುಗಳಲ್ಲಿ ಉಳಿದಿರುವ ಓಲೆಗರಿಗಳನ್ನು ಹಿರಿಯರು ಕೆಡದಂತೆ ಕಾಪಾಡಿ, ಬಲ್ಲವರಿಗೆ ತೋರಿಸಬೇಕು. ಒಂದು ಅಕ್ಷರ ಅಳಿದರೆ ಒಂದು ಅಂಕ ಅಳಿಯುತ್ತದೆ; ಒಂದು ಅಂಕ ಅಳಿದರೆ ಇಡೀ ಸಂಖ್ಯೆಯೇ ಬೇರೆಯಾಗುತ್ತದೆ. ಸಾವಿರ ವರ್ಷಗಳ ಕಾಲ ಆಚಾರ್ಯರೂ ಲಿಪಿಕಾರರೂ ಆ ಒಂದು ಅಕ್ಷರ ತಪ್ಪದಂತೆ ನೋಡಿಕೊಂಡರು. ಇನ್ನು ಮುಂದೆ ಆ ಹೊಣೆ ಇಂದಿನವರದು.